ಕುದುರೆ ನಡೆಸಿದ್ದು ಹುಡುಗನೋ, ಕಂಪ್ಯೂಟರೋ?

ಪ್ರವೇಶ ಶುಲ್ಕ 150 ರೂಪಾಯಿ. ಮೊದಲ ಬಹುಮಾನ 3000 ರೂಪಾಯಿ, ಅದೂ ನಗದು!

2021ರ ಲಾಕ್‌ಡೌನ್ ಕಾಲದ ಮಾತು. ಶಾಲೆಗಳಿಗೆ ಬೀಗ, ಗಾಂಧಿ ಬಜಾರ್ ಬಿಕೋ. ಚಾಮರಾಜಪೇಟೆಯ ವಠಾರವೊಂದರಲ್ಲಿ ನಮ್ಮ ಪರಿಚಯದವರ ಹನ್ನೊಂದು ವರ್ಷದ ಹುಡುಗ ಅಪ್ಪನ ಲ್ಯಾಪ್‌ಟಾಪ್ ಮುಂದೆ ಕೂತು ಇಂಥದೊಂದು ಆನ್‌ಲೈನ್ ಚೆಸ್ ಪಂದ್ಯಾವಳಿ ಆಡಿದ. ಭಾನುವಾರ ಸಂಜೆ ನೋಡಿದರೆ ಮೂರನೇ ಸ್ಥಾನ! ಮನೆಯಲ್ಲಿ ಕೇಸರಿಭಾತ್ ಆಯಿತು. ಸೋಮವಾರ ಪಟ್ಟಿ ನೋಡಿದರೆ ಹೆಸರೇ ಮಂಗಮಾಯ. 'ಫೇರ್ ಪ್ಲೇ ಉಲ್ಲಂಘನೆ' ಅಂತ ಒಂದು ಸಾಲು. ಕನ್ನಡದಲ್ಲಿ ಹೇಳೋದಾದರೆ, ಕಳ್ಳಾಟ.

ತಾತನಿಗೆ ಪಿತ್ತ ನೆತ್ತಿಗೇರಿತು. "ನನ್ನ ಮೊಮ್ಮಗ ಕಳ್ಳನೇನ್ರೀ? ಸಾಕ್ಷಿ ತೋರಿಸಿ" ಅಂತ ಸಂಘಟಕರಿಗೆ ಫೋನ್ ಹಚ್ಚಿದರು. "ಸಮಿತಿ ತೀರ್ಮಾನವೇ ಅಂತಿಮ ಸಾರ್" ಎಂಬ ಉತ್ತರ ಬಂತು. ಫೋನ್ ಕಟ್.

ಈ ಸಮಿತಿಗಳು ಹಿಡಿಯುವುದು ಹೇಗೆ? ಆಟಗಾರನ ನಡೆಗಳನ್ನು ಕಂಪ್ಯೂಟರ್ ಸೂಚಿಸುವ ನಡೆಗಳ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಗಡಿಯಾರವನ್ನೂ ನೋಡುತ್ತಾರೆ. ಮನುಷ್ಯ ಆದವನು ಸುಲಭದ ನಡೆಯನ್ನು ತಟ್ಟನೆ ಆಡುತ್ತಾನೆ, ಕಷ್ಟ ಬಂದಾಗ ತಲೆ ಕೆರೆದುಕೊಳ್ಳುತ್ತಾನೆ. ಸುಲಭಕ್ಕೂ ಏಳು ಸೆಕೆಂಡು, ಕಷ್ಟಕ್ಕೂ ಏಳು ಸೆಕೆಂಡು ಅಂದರೆ ಎಲ್ಲೋ ಗೋಲ್‌ಮಾಲ್! ಆದರೆ ಲೆಕ್ಕವನ್ನೆಲ್ಲ ಬಿಚ್ಚಿಟ್ಟರೆ ಕಳ್ಳರಿಗೇ ಪಾಠ ಹೇಳಿದಂತೆ ಅಂತ ಬಿಚ್ಚಿಡುವುದಿಲ್ಲ. ನಿಜವಾಗಿ ಚೆನ್ನಾಗಿ ಆಡಿದ ಹುಡುಗನೂ ಇದರಡಿ ಸಿಕ್ಕಿಬಿದ್ದರೆ? ತಾತನ ಪ್ರಶ್ನೆ ಅದೇ.

ಅದೇ ವರ್ಷ ಜೂನ್ 13ರಂದು ಇನ್ನೊಂದು ಆಟ ನಡೆಯಿತು, ನೆನಪಿದೆಯೇ? ಕೋವಿಡ್ ನೆರವಿಗೆ ನಮ್ಮ ಬೆಂಗಳೂರಿನ ಅಕ್ಷಯಪಾತ್ರ ಪ್ರತಿಷ್ಠಾನಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಏಕಕಾಲಕ್ಕೆ ಹಲವು ಗಣ್ಯರ ಜತೆ ಆನ್‌ಲೈನ್‌ನಲ್ಲಿ ಆಡಿದರು. ನಮ್ಮ ಕಿಚ್ಚ ಸುದೀಪ್ ಇದ್ದರು, ಆಮಿರ್ ಖಾನ್ ಇದ್ದರು, ಕ್ರಿಕೆಟಿನ ಚಹಲ್ ಇದ್ದರು. ಐದು ಸಲ ವಿಶ್ವ ಚಾಂಪಿಯನ್ ಆದ ಆನಂದ್‌ರನ್ನು ಸೋಲಿಸಿದವರು ಬೆಂಗಳೂರಿನ ಜೆರೋಧಾ ಕಂಪನಿಯ ನಿಖಿಲ್ ಕಾಮತ್! ಊರೆಲ್ಲ ಹುಬ್ಬೇರಿಸಿತು. ಮರುದಿನ ಅವರೇ ಒಪ್ಪಿಕೊಂಡರು: ಆಟ ವಿಶ್ಲೇಷಿಸುವವರ, ಕಂಪ್ಯೂಟರಿನ ಸಹಾಯ ಪಡೆದಿದ್ದೆ, ಆನಂದ್‌ರನ್ನು ನಾನು ನಿಜವಾಗಿ ಸೋಲಿಸುವುದು ಉಸೇನ್ ಬೋಲ್ಟ್ ಜತೆ ಓಡಿ ಗೆದ್ದಂತೆ, ಕ್ಷಮಿಸಿ ಎಂದು. ಎದುರಿಗಿದ್ದ ಸ್ಥಿತಿ ನೋಡಿ ನಾನು ಆಡಿದೆ, ಬೇರೆಯವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದಷ್ಟೇ ಆನಂದ್ ಹೇಳಿದರು. ಚೆಸ್.ಕಾಮ್ ಮೊದಲು ಕಾಮತ್‌ರ ಖಾತೆ ಮುಚ್ಚಿತು. ರೇಟಿಂಗ್ ಇಲ್ಲದ ಆಟ, ಆನಂದರಿಗೂ ಮುಂದುವರಿಸುವ ಇಷ್ಟವಿಲ್ಲ ಅಂತ ಮತ್ತೆ ತೆರೆಯಿತು.

ಬಹುಮಾನವೇ ಇಲ್ಲದ ಧರ್ಮಾರ್ಥದ ಆಟದಲ್ಲೇ ಹೀಗಾದರೆ ಕಾಸು ಇಟ್ಟ ಕಡೆ ಕೇಳಬೇಕೇ ಸ್ವಾಮಿ? 2006ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಎಂಬ ಪ್ರೋಗ್ರಾಮಿನ ಕೈಲಿ 4-2ರಿಂದ ಸೋತರು. ಅದೇ ತಿಂಗಳು ದೆಹಲಿಯಲ್ಲಿ ಉಮಾಕಾಂತ್ ಶರ್ಮಾ ಎಂಬ ಆಟಗಾರನ ಟೊಪ್ಪಿಗೆಯೊಳಗೆ ಹೊಲಿದಿದ್ದ ಬ್ಲೂಟೂತ್ ಸಿಕ್ಕಿಬಿತ್ತು! ಚೆಸ್ ಫೆಡರೇಷನ್ ಅವರನ್ನು ಹತ್ತು ವರ್ಷ ಹೊರಗಿಟ್ಟಿತು. ಇವತ್ತು ಟೊಪ್ಪಿಗೆಯೂ ಬೇಡ. ವಿಶ್ವ ಚಾಂಪಿಯನ್ನನ್ನೇ ಮಣ್ಣು ಮುಕ್ಕಿಸುವ 'ಸ್ಟಾಕ್‌ಫಿಶ್' ಪುಕ್ಕಟೆಯಾಗಿ ಮೊಬೈಲಿನಲ್ಲೇ ಸಿಗುತ್ತದೆ.

ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹ್ಯಾನ್ಸ್ ನೀಮನ್ ವಿಷಯ 2022ರಲ್ಲಿ ದೊಡ್ಡ ರಂಪವಾಯಿತು. ಎದುರುಬದುರು ಕೂತ ಆಟದಲ್ಲಿ ತಾನು ಎಂದೂ ಮೋಸ ಮಾಡಿಲ್ಲ ಎಂದು ಆತ ಸಾಧಿಸಿದ. ಆದರೆ ಹನ್ನೆರಡು ವರ್ಷದವನಿದ್ದಾಗ, ನಗದು ಬಹುಮಾನದ 'ಟೈಟಲ್ಡ್ ಟ್ಯೂಸ್‌ಡೇ' ಆನ್‌ಲೈನ್ ಪಂದ್ಯದಲ್ಲಿ, ಗೆಳೆಯನೊಬ್ಬ ಐಪ್ಯಾಡ್ ಹಿಡಿದು ಬಂದು ನಡೆ ಹೇಳಿಕೊಟ್ಟ ಎಂಬುದನ್ನು ತಾನೇ ಒಪ್ಪಿಕೊಂಡ.

ಇದನ್ನು ಓದಿದಾಗ ನನಗೆ ಚಾಮರಾಜಪೇಟೆಯ ಹುಡುಗನ ನೆನಪಾಯಿತು. ಯಾಕೆಂದರೆ ಅಷ್ಟರಲ್ಲಿ ಅಲ್ಲಿ ಗುಟ್ಟು ರಟ್ಟಾಗಿತ್ತು. ಕಾಲೇಜಿಗೆ ಹೋಗುವ ಅಣ್ಣ ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟ: "ಜಾಸ್ತಿ ಏನೂ ಇಲ್ಲ ತಾತ. ಎರಡು ಮೂರು ಆಟದಲ್ಲಿ, ಇಲ್ಲಿ ಕುದುರೆ ಇಡು ಅಂದೆ ಅಷ್ಟೆ. ಪಾಪ, ಮಗು ಗೆಲ್ಲಲಿ ಅಂತ."

ಅಷ್ಟೆ! ಅಷ್ಟು ಸಾಕಲ್ಲ. ಒಂದಾಟದಲ್ಲಿ ಒಂದೆರಡು ಸಲ ಸುಳಿವು ಸಿಕ್ಕರೆ ತನ್ನನ್ನು ಸೋಲಿಸುವವರೇ ಇಲ್ಲ ಎಂದು ಮ್ಯಾಗ್ನಸ್ ಕಾರ್ಲ್‌ಸನ್‌ನಂಥವನೇ ಹೇಳಿದ್ದಾನೆ. ಸಮಿತಿ ಹಿಡಿದದ್ದು ಸರಿಯೇ ಇತ್ತು. ಹೇಳಿಕೊಟ್ಟವನು ಇಪ್ಪತ್ತರ ಪ್ರಾಯದವನು, ಹಣೆಪಟ್ಟಿ ಮಾತ್ರ ಹನ್ನೊಂದರ ಪೋರನಿಗೆ. ಆ 3000 ರೂಪಾಯಿಯ ಆಸೆ ಹುಡುಗನಿಗಿತ್ತೋ ಮನೆಯವರಿಗಿತ್ತೋ, ನೀವೇ ಹೇಳಿ. ನನ್ನ ಮಟ್ಟಿಗೆ, ಮನೆಯಲ್ಲಿ ಕೂತು ಆಡುವ ಮಕ್ಕಳಿಗೆ ಪುಸ್ತಕವನ್ನೋ ಪದಕವನ್ನೋ ಕೊಡಲಿ. ನೋಟು ಕೊಡುವುದಿದ್ದರೆ ಹಾಲಿಗೆ ಕರೆಸಿ, ಮಣೆ ಹಾಸಿ, ಕಣ್ಣೆದುರು ಆಡಿಸಿ ಕೊಡಲಿ.

ತಾತ ಸಂಘಟಕರಿಗೆ ಮತ್ತೆ ಫೋನ್ ಮಾಡಲಿಲ್ಲ. ಈಗ ಆ ಹುಡುಗ ಹಾಲಿನ ಪಂದ್ಯಗಳಿಗೆ ಹೋಗುತ್ತಾನೆ. ಅಲ್ಲಿ ಜೇಬಿನಲ್ಲಿ ಫೋನ್ ಸಿಕ್ಕರೇ ಆಟ ಸೋತ ಲೆಕ್ಕ. ತಾತ ಬಾಗಿಲಲ್ಲೇ ಮೂರೂ ಜನರ ಫೋನ್ ಇಸಿದುಕೊಂಡು ತಮ್ಮ ಕೈಚೀಲಕ್ಕೆ ಹಾಕುತ್ತಾರೆ. ಅಣ್ಣನದ್ದು ಮೊದಲು.