ಎಡೆದೊರೆಯ ನೆಲ ಚಿತ್ರವಾದ ಬಗೆ

1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿ ಕಾದಾಡಿದರು. ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಚರಿತ್ರೆಯೇ ಹಾಗೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಉಳಿಯಿತು, ಮುದಗಲ್ಲಿನ ಕೋಟೆಯಲ್ಲಿ ಗೆದ್ದವರ ಹೆಸರು ಉಳಿಯಿತು. ಆ ನೆಲ ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂದು ಹೇಳಿದವರು ಕಡಿಮೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ರೇಗೆನ್ಸ್‌ಬುರ್ಗ್ ಪಟ್ಟಣದಲ್ಲಿ ಆಲ್ಬ್ರೆಕ್ಟ್ ಆಲ್ಟ್‌ಡೋರ್ಫರ್ ಎಂಬ ಚಿತ್ರಕಾರ ಡಾನ್ಯೂಬ್ ಸೀಮೆಯ ಚಿಕ್ಕ ಚಿತ್ರವೊಂದನ್ನು ಬರೆದ. ಎತ್ತರ ಸುಮಾರು 30 ಸೆಂ.ಮೀ., ಅಗಲ 22. ಎರಡೂ ಬದಿಗೆ ಎತ್ತರದ ಮರಗಳು, ನಡುವೆ ಕಾಡಿನತ್ತ ಸಾಗುವ ದಾರಿ, ಅದರಾಚೆ ವೊರ್ಥ್ ಕೋಟೆ, ನೀಲಿ ಬೆಟ್ಟ, ಮೇಲೆ ತುಂಬು ಆಕಾಶ. ಒಬ್ಬ ಮನುಷ್ಯನೂ ಇಲ್ಲ. ದೇವರ ಕತೆಯಾಗಲಿ ರಾಜನ ಕತೆಯಾಗಲಿ ಇಲ್ಲದೆ, ಬರೀ ನೆಲವನ್ನೇ ನೆಚ್ಚಿ ಚಿತ್ರ ಬರೆದ ಯುರೋಪಿನ ಮೊದಲಿಗರಲ್ಲಿ ಆತನೊಬ್ಬ. ಊರಿನ ಮೇಯರ್ ಪದವಿ ತಾನಾಗಿ ಬಂದಾಗಲೂ ಕೈಯಲ್ಲಿದ್ದ ಚಿತ್ರ ಮುಗಿಸಬೇಕೆಂದು 1528ರಲ್ಲಿ ಬೇಡವೆಂದ.

ನಮ್ಮ ಸೀಮೆಗೆ ಅಂಥ ಕಣ್ಣು ಬಂದದ್ದು ತೀರ ತಡವಾಗಿ, ಅದೂ ಹೊರಗಿನಿಂದ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಹದಿಹರೆಯದಲ್ಲೇ ಮುಂಬಯಿಗೆ ಬಂದು ನಿಜಾಮನ ಸೇವೆ ಸೇರಿದ. ಆತನ ದಖ್ಖನ್ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಕಲ್ಲಚ್ಚಿನ ಪುಸ್ತಕವಾಗಿ ಬಂದವು. ಮುಂದೆ ಲಿಂಗಸುಗೂರಿನಾಚೆ, ಹೊಳೆಯ ಆ ದಡದ ಸುರಪುರದಲ್ಲಿ 1853ರವರೆಗೆ ಆಡಳಿತ ನೋಡಿಕೊಂಡ. ಅಲ್ಲಿನ ಎಳೆಯ ದೊರೆ ವೆಂಕಟಪ್ಪ ನಾಯಕ ಆತನನ್ನು ‘ಅಪ್ಪಾ’ ಎನ್ನುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಆ ಹೆಸರಿನಲ್ಲೇ ಇದೆ. ರಾಜನಕೋಳೂರಿನ ಶಿಲಾಸಮಾಧಿಗಳ ಬಗ್ಗೆ ಬರೆದವನೂ ಆತನೇ.

ಲಿಂಗಸುಗೂರು ತಾಲ್ಲೂಕಿನ ಜಲದುರ್ಗವನ್ನು ಮಾತ್ರ ಟೇಲರ್ ಮಾತಿನಲ್ಲಿ ಚಿತ್ರಿಸಿದ. ಕೃಷ್ಣೆ ಅಲ್ಲಿ ಮೂರು ಮೈಲಿಯೊಳಗೆ ಸುಮಾರು 400 ಅಡಿ ಇಳಿಯುತ್ತಾಳೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಚಾಂದ್ ಬೀಬಿಯ ಕತೆಯಾದ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಆ ಹೊಳೆ, ಕೋಟೆ, ಮುದಗಲ್ಲಿನ ಕ್ರೈಸ್ತರ ಕೇರಿ ಎಲ್ಲವೂ ಇವೆ. ಅದು ಅಚ್ಚಾದದ್ದು 1878ರಲ್ಲಿ, ಆತ ತೀರಿಕೊಂಡು ಎರಡು ವರ್ಷದ ಮೇಲೆ. ಕಡೆಗಾಲದಲ್ಲಿ ಟೇಲರನ ದೃಷ್ಟಿ ಮಂದವಾಗಿತ್ತು. ಅದನ್ನು ತಿಳಿದು ಓದಿದರೆ ಆ ವರ್ಣನೆಗಳು ನನ್ನನ್ನು ಇನ್ನಷ್ಟು ತಟ್ಟುತ್ತವೆ.

ಆತ ಕಂಡ ಎರೆಹೊಲದ ಜೋಳದ ಸೀಮೆ ಈಗ ಹಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ನಾಡಾಗಿಸಿತು. ಜಲದುರ್ಗದ ಮೇಲ್ಗಡೆ ನಾರಾಯಣಪುರ ಅಣೆಕಟ್ಟು ಎದ್ದಿತು. ಹೊಳೆಯ ರಭಸ ನೋಡಬೇಕೆಂದರೆ ಮಳೆಗಾಲದಲ್ಲಿ ಗೇಟು ತೆಗೆದ ಸುದ್ದಿ ಬಂದಾಗ ಹೋಗಬೇಕು. ಕೋಟೆಯಿಂದ ಕೆಳಗೆ ನೋಡಿದರೆ ಟೇಲರನ ಕೃಷ್ಣೆ ಇನ್ನೂ ಸಿಗುತ್ತಾಳೆ.