ಸಿನಿಮಾಗೆ ರೇಟಿಂಗ್ ಕೊಟ್ಟರೆ ದುಡ್ಡು ಸಿಗುತ್ತದೆಯೇ?

‘ಮನೆಯಲ್ಲೇ ಕೂತು ಹೊಸ ಸಿನಿಮಾಗಳಿಗೆ ಸ್ಟಾರ್ ಕೊಡಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ’ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಕೆಲಸವಲ್ಲ, ವಂಚನೆ.

ನೋಡಿದ ಸಿನಿಮಾ ಹೇಗಿತ್ತು ಎಂದು ಬುಕ್‌ಮೈಶೋ, ಐಎಂಡಿಬಿಯಂಥ ತಾಣಗಳಲ್ಲಿ ಜನ ರೇಟಿಂಗ್ ಕೊಡುತ್ತಾರೆ. ಅದಕ್ಕೆ ಆ ತಾಣಗಳು ಸಂಬಳ ಕೊಡುವುದಿಲ್ಲ. ಫಾರ್ವರ್ಡ್‌ನಲ್ಲಿ ಬರುವ ‘ಕೆಲಸ’ಕ್ಕೆ ಸಿನಿಮಾ ನೋಡಿರಬೇಕು ಎಂದೇನೂ ಇಲ್ಲ, ಪೋಸ್ಟರ್ ಒತ್ತಿದರೆ ಸಾಕು. ಅನುಮಾನ ಅಲ್ಲಿಂದಲೇ ಶುರುವಾಗಬೇಕು.

ಮೋಸ ನಡೆಯುವುದು ಹೀಗೆ:

1. ಮೊದಲು ಸ್ವಲ್ಪ ಹಣ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಸಲು ಹಾಕುವ ಗಾಳ ಇದು.

2. ನಂತರ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ‘ನನಗೂ ದುಡ್ಡು ಬಂತು’ ಎಂದು ಅಲ್ಲಿ ಸ್ಕ್ರೀನ್‌ಶಾಟ್ ಹಾಕುವವರು ವಂಚಕರದೇ ಜನ.

3. ‘ಪ್ರೀಪೇಯ್ಡ್ ಟಾಸ್ಕ್’ ಎಂದು ಮುಂಗಡ ಕಟ್ಟಿಸುತ್ತಾರೆ. ನಕಲಿ ತಾಣದಲ್ಲಿ ನಿಮ್ಮ ಬ್ಯಾಲೆನ್ಸ್ ಏರುತ್ತಲೇ ಹೋಗುತ್ತದೆ. ಅದು ಬರೀ ಪರದೆ ಮೇಲಿನ ಅಂಕಿ.

4. ಹಣ ತೆಗೆಯಲು ಹೋದರೆ ‘ತೆರಿಗೆ ಕಟ್ಟಿ’, ‘ಇನ್ನೊಂದು ಟಾಸ್ಕ್ ಮುಗಿಸಿ’ ಎನ್ನುತ್ತಾರೆ. ಕಟ್ಟಿದ್ದು ವಾಪಸ್ ಬರಲಿ ಎಂಬ ಆಸೆಗೆ ಕೆಲವರು ಸಾಲ ಮಾಡಿಯೂ ಕಟ್ಟುತ್ತಾರೆ.

ಹಣ ಕಳೆದುಕೊಂಡಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಖಾತೆಯಿಂದ ಖಾತೆಗೆ ದಾಟುವ ಮೊದಲೇ ದೂರು ಕೊಟ್ಟರೆ ಬ್ಯಾಂಕ್ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಾಟ್, ಫೋನ್ ನಂಬರ್, ಯುಪಿಐ ವಿವರ ಯಾವುದನ್ನೂ ಅಳಿಸಬೇಡಿ. ದೂರಿಗೆ ಅವೇ ಸಾಕ್ಷಿ.

ನೆನಪಿಡಿ: ಸಂಬಳ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಇಂಥ ಸಂದೇಶ ಬಂದರೆ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೂ ವಿಷಯ ತಿಳಿಸಿ.