ಹಳೆಯ ಮಸೂರಕ್ಕೆ ಯಾವ ದ್ರಾವಕ?

ತುಂಗಭದ್ರೆಯ ಉತ್ತರ ದಡದ ಹನುಮನಹಳ್ಳಿಯ ಸುತ್ತ ಎತ್ತ ನೋಡಿದರೂ ಗ್ರಾನೈಟ್ ಬಂಡೆಗಳು. ಅವುಗಳ ನಡುವೆ ನೀರು ನಿಂತ ಭತ್ತದ ಗದ್ದೆಗಳು. ಈ ನೋಟವನ್ನು ಸೆರೆಹಿಡಿಯಲೆಂದು ಅಜ್ಜನ ಕಾಲದ ಕ್ಯಾಮೆರಾವನ್ನು ಹೊರತೆಗೆಯುವ ವಿದ್ಯಾರ್ಥಿಯು ಒಂದು ಸಂಗತಿಯನ್ನು ತಿಳಿದಿರಬೇಕು. ಬಂಡೆಯ ಧೂಳೂ ಗದ್ದೆಯ ತೇವವೂ ಮಸೂರಕ್ಕೆ ಹಗೆಗಳು.

ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಮೋಸ್ ಎಂಬ ಖನಿಜವಿಜ್ಞಾನಿಯು ರೂಪಿಸಿದ ಕಾಠಿಣ್ಯಮಾನದಲ್ಲಿ ಬೆಣಚುಕಲ್ಲಿನ ಅಂಕ 7; ಸಾಮಾನ್ಯ ಗಾಜಿನದು ಸುಮಾರು 5.5. ಧೂಳು ಕುಳಿತ ಮಸೂರವನ್ನು ಅಂಗಿಯ ಅಂಚಿನಿಂದ ಒರೆಸುವುದೆಂದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ ಸರಿ. ರಬ್ಬರ್ ಬುರುಡೆಯಿಂದ ಗಾಳಿ ಊದಿ, ಮೃದುವಾದ ಕುಂಚದಿಂದ ಧೂಳನ್ನು ನೀಗಿದ ಬಳಿಕವೇ ದ್ರಾವಕದ ಮಾತು.

ಆಗ ಕೇಳಬೇಕಾದ ಪ್ರಶ್ನೆಗಳು ಎರಡು: ಕೊಳೆ ಯಾವುದು? ಅದರ ಕೆಳಗಿರುವುದು ಏನು? ನೀರಿನ ಅಣುವಿನ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುದಂಶವಿರುವುದರಿಂದ ಅದು ಉಪ್ಪು, ಸಕ್ಕರೆಗಳನ್ನು ಕರಗಿಸುತ್ತದೆ, ಎಣ್ಣೆಯನ್ನು ಕರಗಿಸದು. ಬೆವರಿನ ಉಪ್ಪಿಗೆ ಬಟ್ಟಿಯಿಳಿಸಿದ ನೀರು ಸಾಕು. ಬೆರಳಿನ ಜಿಡ್ಡಿಗಾದರೋ ಐಸೊಪ್ರೊಪೈಲ್ ಮದ್ಯಸಾರವು ಲೇಸು. ಅದರ ಅಣುವಿನ ಒಂದು ಭಾಗ ನೀರಿಗೂ ಮತ್ತೊಂದು ಜಿಡ್ಡಿಗೂ ಒಲಿಯುತ್ತದೆ. ಆದರೆ ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಕೆಲವೊಮ್ಮೆ ಬೇರೆ ವಸ್ತುಗಳು ಬೆರೆತಿರುತ್ತವೆ. ಶುಭ್ರವಾದ ಗಾಜಿನ ಚೂರಿನ ಮೇಲೆ ಒಂದು ಹನಿಯನ್ನು ಆರಲು ಬಿಡಿರಿ. ಕಲೆ ಉಳಿದರೆ ಅದು ಮಸೂರಕ್ಕೆ ತಕ್ಕುದಲ್ಲ.

ಅಸಿಟೋನು ಇನ್ನೂ ಚುರುಕಿನದು. 56 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವ ಈ ದ್ರವವು ಗಾಜಿಗೆ ಕೇಡು ಮಾಡದಿದ್ದರೂ ಸುತ್ತಲಿನ ಬಣ್ಣವನ್ನೂ ಹಲವು ಬಗೆಯ ಪ್ಲಾಸ್ಟಿಕ್ಕನ್ನೂ ಕರಗಿಸಿಬಿಡುತ್ತದೆ. ಅಗ್ಫಾ ಕ್ಲಿಕ್-3ರಂಥ ಪ್ಲಾಸ್ಟಿಕ್ ಮೈಯ ಕ್ಯಾಮೆರಾದ ಹತ್ತಿರಕ್ಕೂ ಅದನ್ನು ತರಬಾರದು.

ಗಾಜಿನ ಮೇಲಿನ ಲೇಪವನ್ನೂ ಮರೆಯುವಂತಿಲ್ಲ. ಬರಿಯ ಗಾಜಿನ ಪ್ರತಿಯೊಂದು ಮುಖವೂ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲನ್ನು ಹಿಂದಿರುಗಿಸುತ್ತದೆ. ಈ ನಷ್ಟವನ್ನು ತಗ್ಗಿಸುವ ಲೇಪವನ್ನು ಜರ್ಮನಿಯ ಝೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಸಾಧಿಸಿದರು. ಅದರ ದಪ್ಪ ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗ! ಮೊದಮೊದಲ ಲೇಪಗಳು ಬಲು ಮೆದುವಾಗಿದ್ದವು. ದ್ರಾವಕಕ್ಕಿಂತ ಉಜ್ಜುವ ಕೈಯೇ ಅವಕ್ಕೆ ಹೆಚ್ಚು ಅಪಾಯಕರ.

ಹಳೆಯ ಮಸೂರಗಳಲ್ಲಿ ಎರಡು ಗಾಜುಗಳನ್ನು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ ಕೂಡಿಸಿರುವುದುಂಟು. ಕ್ಸೈಲೀನ್ ಅದನ್ನು ಕರಗಿಸುತ್ತದೆ. ಅಂಚಿನಿಂದ ಒಳಸೇರಿದ ಮದ್ಯಸಾರವೂ ಕೆಡಿಸಬಲ್ಲುದು. ಹನಿಯನ್ನು ಎಂದಿಗೂ ಗಾಜಿನ ಮೇಲೆ ಸುರಿಯದೆ, ಮಸೂರದ ಕಾಗದಕ್ಕೆ ತಾಕಿಸಿ, ನಡುವಿನಿಂದ ಅಂಚಿನತ್ತ ಹಗುರವಾಗಿ ಸುತ್ತಬೇಕು. ಸಮೀಪದಲ್ಲಿ ದೀಪವಾಗಲಿ ಒಲೆಯಾಗಲಿ ಉರಿಯುತ್ತಿರಬಾರದು.

ಇನ್ನು ಬೂಷ್ಟು. ಜೇಡರ ಬಲೆಯಂಥ ಅದರ ಎಳೆಗಳು ಮೇಲ್ಮೈಯಲ್ಲಿದ್ದರೆ ಮದ್ಯಸಾರದಿಂದ ಅಳಿಸಬಹುದು. ಆದರೆ ಅದು ಸ್ರವಿಸುವ ಆಮ್ಲಗಳು ಗಾಜನ್ನು ಕೊರೆದಿದ್ದರೆ ಆ ಗುರುತನ್ನು ಯಾವ ದ್ರಾವಕವೂ ಅಳಿಸಲಾರದು. ತೊಗಲಿನ ಚೀಲವು ತೇವವನ್ನು ಹೀರುವುದರಿಂದ, ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರಿಂದ ತೆಗೆದು, ಸಿಲಿಕಾ ಜೆಲ್ ಇರಿಸಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಮೇಲು.